ಪುಕ್ಕಟೆ ಕಾವಲೋ, ಕಾಸಿನ ಕಾವಲೋ? ಆಂಟಿವೈರಸ್ ಅಂಕಪಟ್ಟಿ ಓದುವ ಬಗೆ



ಈ ಹೊತ್ತಿನ ಮಾತು ಕಂಪ್ಯೂಟರಿಗೆ ತಗಲುವ ವೈರಸ್ಸು ಮತ್ತು ಅದನ್ನು ತಡೆಯುವ ತಂತ್ರಾಂಶಗಳನ್ನು ಕುರಿತದ್ದು. ‘ಅದೆಲ್ಲ ಬೆಂಗಳೂರಿನವರಿಗೆ, ನಮಗೇಕೆ’ ಎಂದು ರೇಡಿಯೊ ಆರಿಸಬೇಡಿ. ಹೊಸೂರು, ಬಾಗಲೂರು, ಬೇರಿಕೆ, ತಳಿ, ಡೆಂಕಣಿಕೋಟೆ, ಶೂಲಗಿರಿ ಈ ಕಡೆಗಳಲ್ಲೆಲ್ಲ ಇಂದು ಇ-ಸೇವೈ ಕೇಂದ್ರಗಳಿವೆ, ಜೆರಾಕ್ಸ್ ಅಂಗಡಿಗಳಿವೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಗೊಬ್ಬರದ ಅಂಗಡಿಗಳಿವೆ. ನಮ್ಮ ಪಟ್ಟಾ-ಚಿಟ್ಟಾ, ಮಕ್ಕಳ ಜಾತಿ ಪ್ರಮಾಣಪತ್ರ, ಆಧಾರ್ ಪ್ರತಿ, ಗಡಿಯಾಚೆ ಜಮೀನಿದ್ದವರ ಪಹಣಿ, ಎಲ್ಲವೂ ಯಾವುದೋ ಒಂದು ಕಂಪ್ಯೂಟರಿನ ಮೂಲಕವೇ ಬರಬೇಕು. ಆ ಯಂತ್ರ ಕೆಟ್ಟರೆ ಕೆಡುವುದು ಯಂತ್ರ ಒಂದೇ ಅಲ್ಲ. ನಮ್ಮ ಕೆಲಸ ಕೆಡುತ್ತದೆ, ಕೆಲವೊಮ್ಮೆ ನಮ್ಮ ಹಣವೂ ಹೋಗುತ್ತದೆ.

ಕಂಪ್ಯೂಟರ್ ನಿಧಾನವಾಯಿತೆಂದು ರಿಪೇರಿಗೆ ಕೊಟ್ಟರೆ ಸಾಮಾನ್ಯವಾಗಿ ಒಂದು ಮಾತು ಕೇಳಿಬರುತ್ತದೆ: ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ಹೊಸದು ಹಾಕಿಸಿಬಿಡಿ.’ ಮನೆಗೆ ಬಂದು ಕಾಲೇಜಿಗೆ ಹೋಗುವ ಮಗನಿಗೆ ಹೇಳಿದರೆ ಅವನು, ‘ಅಪ್ಪಾ, ಅದು ಪುಕ್ಕಟೆ ಸಿಗುತ್ತದೆ, ದುಡ್ಡು ಯಾಕೆ ಕೊಡುತ್ತೀರಿ?’ ಎನ್ನುತ್ತಾನೆ. ಅಂಗಡಿಯವರ ಮಾತು ಸರಿಯೋ, ಮಗನ ಮಾತು ಸರಿಯೋ? ಇದನ್ನು ತೀರ್ಮಾನಿಸಲು ಇಬ್ಬರನ್ನೂ ಬಿಟ್ಟು ಮೂರನೆಯವರ ಪರೀಕ್ಷೆ ನೋಡಬೇಕು. ಅಂಥ ಪರೀಕ್ಷೆಗಳು ನಡೆಯುತ್ತವೆ. ಅವುಗಳ ಅಂಕಪಟ್ಟಿ ಯಾರು ಬೇಕಾದರೂ ಓದುವಂತೆ ಪ್ರಕಟವೂ ಆಗುತ್ತದೆ. ಅದನ್ನು ಓದುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲು ವೈರಸ್ ಎಂದರೇನು ನೋಡೋಣ. ಅದು ಜ್ವರದ ಕ್ರಿಮಿಯಂಥ ಜೀವಿಯಲ್ಲ. ಟ್ಯಾಲಿ ಹೇಗೆ ಒಂದು ತಂತ್ರಾಂಶವೋ, ವೈರಸ್ಸೂ ಹಾಗೆಯೇ ಒಂದು ತಂತ್ರಾಂಶ. ಕೆಡುಕು ಮಾಡಲೆಂದು ಬರೆದದ್ದು, ಅಷ್ಟೇ ವ್ಯತ್ಯಾಸ. ಪಿ.ಸಿ. ಎಂದು ಕರೆಯುವ ಕಂಪ್ಯೂಟರುಗಳಿಗೆ ಬಂದ ಮೊದಲ ವೈರಸ್ಸಿನ ಹೆಸರು ‘ಬ್ರೇನ್’. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಅದನ್ನು ಬರೆದರು. ಅದು ಫ್ಲಾಪಿಯಿಂದ ಫ್ಲಾಪಿಗೆ ಹರಡಿತು, ಹೆಚ್ಚಿನ ಹಾನಿ ಮಾಡಲಿಲ್ಲ. ಈಗಿನವು ಹಾಗಲ್ಲ. ಕೆಲವು ಬ್ಯಾಂಕಿನ ಗುಟ್ಟಿನ ಸಂಖ್ಯೆ ಕದಿಯುತ್ತವೆ. ಕೆಲವು ಕಡತಗಳಿಗೆಲ್ಲ ಬೀಗ ಜಡಿದು, ಬೀಗದ ಕೈ ಬೇಕಾದರೆ ಹಣ ಕೊಡಿ ಎನ್ನುತ್ತವೆ.

ಹೀಗೆ ಬೀಗ ಹಾಕಿ ಹಣ ಕೇಳಿದ ‘ವನ್ನಾಕ್ರೈ’ 2017ರ ಮೇ 12ರಂದು ಲೋಕವೆಲ್ಲ ಹಬ್ಬಿತು. ಮೂರು ದಿನ ಕಳೆದು ಸೋಮವಾರ ಕಚೇರಿ ತೆರೆದಾಗ, ಕೇರಳದ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯತಿಯ ಕಂಪ್ಯೂಟರುಗಳಲ್ಲೂ ಅದೇ ಬೆದರಿಕೆಯ ಬರಹ ಕಾಣಿಸಿಕೊಂಡಿತು. ಕೇಳಿದ ಹಣ 300 ಡಾಲರ್. ಮೈಸೂರು ಸೀಮೆಗೆ ಅಂಟಿಕೊಂಡ ಜಿಲ್ಲೆಯ ಒಂದು ಬೆಟ್ಟದ ಪಂಚಾಯತಿಯನ್ನು ಯಾರೂ ಗುರಿಯಿಟ್ಟು ಹೊಡೆದಿರಲಿಲ್ಲ. ಬಾಗಿಲು ತೆರೆದಿದ್ದ ಮನೆಗಳಿಗೆಲ್ಲ ಕಳ್ಳ ನುಗ್ಗಿದ, ಅದರಲ್ಲಿ ಇದೂ ಒಂದು. ಆ ಬಾಗಿಲು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಕಂಪನಿ ಅದೇ ವರ್ಷದ ಮಾರ್ಚಿಯಲ್ಲೇ, ಎರಡು ತಿಂಗಳು ಮೊದಲೇ, ಪುಕ್ಕಟೆಯಾಗಿ ಕೊಟ್ಟಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಪರೀಕ್ಷೆಯ ವಿಚಾರಕ್ಕೆ ಬರೋಣ. ಹಾಲಿನ ಡೈರಿಯಲ್ಲಿ ಹಾಲು ಹಾಕುವವರು ‘ನನ್ನದು ಗಟ್ಟಿ ಹಾಲು’ ಎನ್ನುವುದು ಸಹಜ. ಆದರೆ ದರ ನಿಗದಿಯಾಗುವುದು ಫ್ಯಾಟ್ ಅಳೆದ ಮೇಲೆ. ಆಂಟಿವೈರಸ್ಸಿನ ಡಬ್ಬದ ಮೇಲೂ ‘ನೂರಕ್ಕೆ ನೂರು ರಕ್ಷಣೆ’ ಎಂದು ಬರೆದಿರುತ್ತದೆ. ಅದನ್ನು ಅಳೆದು ನೋಡುವ ಸಂಸ್ಥೆಗಳಲ್ಲಿ ಎರಡು ಮುಖ್ಯವಾದವು. ಒಂದು ಜರ್ಮನಿಯ ಮಾಗ್ಡೆಬುರ್ಗ್ ಊರಿನ ಎ.ವಿ.-ಟೆಸ್ಟ್. ಇನ್ನೊಂದು ಆಸ್ಟ್ರಿಯ ದೇಶದ ಇನ್ಸ್‌ಬ್ರುಕ್ ಊರಿನ ಎ.ವಿ.-ಕಂಪ್ಯಾರೇಟಿವ್ಸ್. ಇಂಗ್ಲೆಂಡಿನಲ್ಲಿ ಎಸ್.ಇ. ಲ್ಯಾಬ್ಸ್ ಇದೆ, 1989ರಲ್ಲಿ ಪತ್ರಿಕೆಯಾಗಿ ಹುಟ್ಟಿದ ವೈರಸ್ ಬುಲೆಟಿನ್ ಇದೆ. ಇವರ ವರದಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಣ ಕೊಡದೆ ಓದಬಹುದು.

ಇವರು ಪರೀಕ್ಷೆ ಮಾಡುವ ಬಗೆ ಸರಳ. ಒಂದೇ ತರಹದ ಹಲವು ಕಂಪ್ಯೂಟರುಗಳನ್ನು ಇಡುತ್ತಾರೆ. ಒಂದೊಂದರಲ್ಲಿ ಒಂದೊಂದು ಆಂಟಿವೈರಸ್ ಹಾಕುತ್ತಾರೆ. ನಂತರ ನಿಜವಾದ ವೈರಸ್ಸುಗಳಿರುವ ತಾಣಗಳಿಗೆ ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಕಳಿಸುತ್ತಾರೆ. ಯಾವ ಹಂತದಲ್ಲಾದರೂ ಸರಿ, ಯಂತ್ರ ಕೆಡುವ ಮೊದಲು ತಡೆದರೆ ಪಾಸು, ಕೆಟ್ಟರೆ ಫೇಲು. ‘ಇದನ್ನು ಬಿಡಲೋ ಬೇಡವೋ’ ಎಂದು ಬಳಸುವವನನ್ನೇ ಕೇಳಿದರೆ ಎ.ವಿ.-ಕಂಪ್ಯಾರೇಟಿವ್ಸ್ ಅದನ್ನು ಬೇರೆಯಾಗಿಯೇ ಲೆಕ್ಕ ಹಾಕುತ್ತದೆ. ಕಾವಲುಗಾರನೇ ಬಂದು ‘ಇವನು ಕಳ್ಳನೋ ಅಲ್ಲವೋ ನೀವೇ ಹೇಳಿ’ ಎಂದರೆ ಕಾವಲಿಗೆ ಪೂರ್ತಿ ಅಂಕ ಹೇಗೆ ಕೊಡುವುದು?

‘ಈ ಪರೀಕ್ಷಕರನ್ನು ನಂಬಬಹುದೇ?’ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಪರೀಕ್ಷೆಗೆ ಹಣ ಬರುವುದು ಬಹುಮಟ್ಟಿಗೆ ಆಂಟಿವೈರಸ್ ಕಂಪನಿಗಳಿಂದಲೇ, ಇದು ನಿಜ. ಆದರೂ ಅವರು ಹಣ ಕೊಟ್ಟವರ ತಪ್ಪನ್ನು ಮುಚ್ಚಿಡದೆ ಹೇಳಿದ್ದುಂಟು. 2015ರಲ್ಲಿ ಚೀನಾದ ಚಿಹೂ ಎಂಬ ಕಂಪನಿ ಪರೀಕ್ಷೆಗೆ ಕಳಿಸಿದ ತಂತ್ರಾಂಶ ಬೇರೆ ರೀತಿ ಹೊಂದಿಸಿದ್ದು, ಜನರಿಗೆ ಕೊಡುತ್ತಿದ್ದುದು ಬೇರೆ ರೀತಿ ಹೊಂದಿಸಿದ್ದು ಎಂದು ಗೊತ್ತಾಯಿತು. ಡೈರಿಗೆ ಒಂದು ಕ್ಯಾನಿನ ಹಾಲು, ಮನೆಮನೆಗೆ ಇನ್ನೊಂದು ಕ್ಯಾನಿನ ಹಾಲು ಎಂದಂತೆ. ಎ.ವಿ.-ಟೆಸ್ಟ್, ಎ.ವಿ.-ಕಂಪ್ಯಾರೇಟಿವ್ಸ್, ವೈರಸ್ ಬುಲೆಟಿನ್ ಮೂರೂ ಒಟ್ಟಾಗಿ ಆ ಕಂಪನಿಗೆ ಆ ವರ್ಷ ಕೊಟ್ಟಿದ್ದ ಪ್ರಶಸ್ತಿಗಳನ್ನು ಹಿಂದಕ್ಕೆ ಪಡೆದವು. ಆದ್ದರಿಂದ ಈ ವರದಿಗಳನ್ನು ನಂಬಬಹುದು. ಆದರೆ ಒಂದೇ ಸಂಸ್ಥೆಯ ಒಂದೇ ಸಲದ ವರದಿಗೆ ಜೋತುಬೀಳದೆ, ಎರಡು ಸಂಸ್ಥೆಗಳ ನಾಲ್ಕಾರು ಸಲದ ಫಲಿತಾಂಶ ನೋಡುವುದು ಜಾಣತನ.

ಎ.ವಿ.-ಟೆಸ್ಟ್ ಕೊಡುವ ಅಂಕಪಟ್ಟಿಯಲ್ಲಿ ಮೂರು ವಿಷಯಗಳಿವೆ. ಒಂದೊಂದಕ್ಕೆ 6 ಅಂಕ, ಒಟ್ಟು 18. ಮೊದಲನೆಯದು ರಕ್ಷಣೆ. ಎರಡನೆಯದು ವೇಗ, ಅಂದರೆ ಈ ಕಾವಲಿನಿಂದ ಯಂತ್ರ ಎಷ್ಟು ನಿಧಾನವಾಗುತ್ತದೆ ಎಂಬುದು. ಮೂರನೆಯದು ಬಳಕೆಯ ಅನುಕೂಲ. ಒಳ್ಳೆಯ ಕಡತವನ್ನು ವೈರಸ್ಸೆಂದು ತಪ್ಪಾಗಿ ಹಿಡಿಯುವುದೆಷ್ಟು ಎಂಬುದನ್ನು ಇದರಲ್ಲಿ ನೋಡುತ್ತಾರೆ. ನಮ್ಮವರು ಮೊದಲನೆಯದನ್ನು ಮಾತ್ರ ನೋಡಿ ಉಳಿದೆರಡನ್ನು ಬಿಟ್ಟುಬಿಡುತ್ತಾರೆ. ಅಲ್ಲೇ ಎಡವುವುದು.

ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. 400 ವೈರಸ್ಸುಗಳಲ್ಲಿ ಒಂದು ತಂತ್ರಾಂಶ 398ನ್ನು ತಡೆಯಿತು, ಇನ್ನೊಂದು 394ನ್ನು ತಡೆಯಿತು ಎನ್ನಿ. ಮೊದಲನೆಯದು ನೂರಕ್ಕೆ 99.5, ಎರಡನೆಯದು 98.5. ಜಾಹೀರಾತಿನಲ್ಲಿ ಈ ಒಂದನ್ನೇ ದೊಡ್ಡದು ಮಾಡಿ ತೋರಿಸುತ್ತಾರೆ. ಆದರೆ ಅದು 400ರಲ್ಲಿ ನಾಲ್ಕರ ವ್ಯತ್ಯಾಸ. ಮುಂದಿನ ಸಲದ ಪರೀಕ್ಷೆಯಲ್ಲಿ ಇದು ತಲೆಕೆಳಗಾದರೂ ಆಶ್ಚರ್ಯವಿಲ್ಲ. ಅದಕ್ಕೇ ಎ.ವಿ.-ಕಂಪ್ಯಾರೇಟಿವ್ಸ್ ಅಂಕಗಳು ಹತ್ತಿರ ಹತ್ತಿರ ಇರುವ ತಂತ್ರಾಂಶಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸುತ್ತದೆ. ಒಂದೇ ಗುಂಪಿನಲ್ಲಿರುವವರಲ್ಲಿ ಯಾರು ಮೊದಲು, ಯಾರು ಎರಡನೆಯವರು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇದೇ ಉದಾಹರಣೆಯನ್ನು ಇನ್ನಷ್ಟು ಮುಂದುವರಿಸೋಣ. 398ನ್ನು ಹಿಡಿದ ಆ ತಂತ್ರಾಂಶ ಜೊತೆಗೆ 30 ಒಳ್ಳೆಯ ಕಡತಗಳನ್ನೂ ಹಿಡಿದು ಕಟ್ಟಿಹಾಕಿತು, ಇನ್ನೊಂದು ಕೇವಲ 3ನ್ನು ಕಟ್ಟಿಹಾಕಿತು ಎನ್ನಿ. ಈಗ ನಿಮಗೆ ಯಾವುದು ಬೇಕು? ಊರಲ್ಲಿ ನಾಯಿ ಸಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಳ್ಳನನ್ನು ಕಂಡು ಬೊಗಳದ ನಾಯಿ ಪ್ರಯೋಜನವಿಲ್ಲ. ಹಾಗೆಂದು ಮನೆಗೆ ಬಂದ ನೆಂಟರನ್ನೆಲ್ಲ ಕಚ್ಚುವ ನಾಯಿಯನ್ನೂ ಇಟ್ಟುಕೊಳ್ಳಲಾಗದು.

ಕನ್ನಡದವರಾದ ನಮಗೆ ಈ ಮಾತು ಇನ್ನೂ ಹತ್ತಿರದ್ದು. ಲೋಕದಲ್ಲಿ ಕೋಟಿಗಟ್ಟಲೆ ಜನ ಬಳಸುವ ತಂತ್ರಾಂಶವನ್ನು ಆಂಟಿವೈರಸ್ಸುಗಳು ಗುರುತು ಹಿಡಿಯುತ್ತವೆ. ಕೆಲವೇ ಲಕ್ಷ ಜನ ಬಳಸುವುದನ್ನು ಅನುಮಾನದಿಂದ ನೋಡುತ್ತವೆ. ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶಗಳು ನೀವು ಒತ್ತಿದ ಕೀಲಿಗಳನ್ನು ಗಮನಿಸಿ ಅಕ್ಷರ ಮೂಡಿಸಬೇಕು. ಪಾಸ್‌ವರ್ಡ್ ಕದಿಯುವ ಕಳ್ಳ ತಂತ್ರಾಂಶವೂ ಒತ್ತಿದ ಕೀಲಿಗಳನ್ನೇ ಗಮನಿಸುತ್ತದೆ. ನಡತೆ ಮಾತ್ರ ನೋಡಿ ತೀರ್ಪು ಕೊಡುವ ಕಾವಲುಗಾರ ಎರಡನ್ನೂ ಒಂದೇ ಎಂದುಕೊಳ್ಳಬಹುದು. ಜರ್ಮನಿಯ ಪರೀಕ್ಷಾಲಯದ ಮೇಜಿನ ಮೇಲೆ ನಮ್ಮ ಕನ್ನಡ ತಂತ್ರಾಂಶ ಇರುವುದಿಲ್ಲ. ಆದ್ದರಿಂದ ತಪ್ಪು ಹಿಡಿತ ಕಡಿಮೆ ಇರುವ ಕಾವಲೇ ನಮಗೆ ಒಳ್ಳೆಯದು.

ಇನ್ನು ಪುಕ್ಕಟೆಯೋ ಕಾಸೋ ಎಂಬ ಮೂಲ ಪ್ರಶ್ನೆಗೆ ಬರೋಣ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ, 2012ರ ವಿಂಡೋಸ್ 8ರಿಂದ ಈಚೆಗೆ, ಡಿಫೆಂಡರ್ ಎಂಬ ಆಂಟಿವೈರಸ್ ಮೊದಲಿಂದಲೇ ಇರುತ್ತದೆ. ಬೇರೆಯಾಗಿ ಹಾಕಿಸಬೇಕಿಲ್ಲ, ಹಣ ಕೊಡಬೇಕಿಲ್ಲ. ‘ಅದು ದಂಡ, ಅದನ್ನು ನಂಬಬೇಡಿ’ ಎಂಬ ಮಾತು ಈಗಲೂ ಅಂಗಡಿಗಳಲ್ಲಿ ಕೇಳಿಬರುತ್ತದೆ. ಒಂದು ಕಾಲಕ್ಕೆ ಆ ಮಾತಿಗೆ ಆಧಾರವಿತ್ತು. 2012ರ ಕೊನೆಯಲ್ಲಿ ಮೈಕ್ರೋಸಾಫ್ಟಿನ ಪುಕ್ಕಟೆ ಆಂಟಿವೈರಸ್ ಆಗಿದ್ದ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎ.ವಿ.-ಟೆಸ್ಟ್ ಪರೀಕ್ಷೆಯಲ್ಲಿ ಪ್ರಮಾಣಪತ್ರವನ್ನೇ ಕಳೆದುಕೊಂಡಿತು. ಆದರೆ ಏಳು ವರ್ಷ ಕಳೆಯುವಷ್ಟರಲ್ಲಿ ಚಿತ್ರ ಬದಲಾಯಿತು. 2019ರಲ್ಲಿ ಡಿಫೆಂಡರ್ ಅದೇ ಎ.ವಿ.-ಟೆಸ್ಟಿನಲ್ಲಿ 18ಕ್ಕೆ 18 ಅಂಕ ಪಡೆಯಿತು, ಹಣದ ತಂತ್ರಾಂಶಗಳ ಸಾಲಿನಲ್ಲೇ ನಿಂತಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಗೆ ಹೊಂದುವುದಿಲ್ಲ. ಹಿತ್ತಲ ಗಿಡವೇ ಮದ್ದಾಗಿದೆ.

ಹೊರಗಿನಿಂದ ಪುಕ್ಕಟೆ ಸಿಗುವ ಅವಾಸ್ಟ್, ಎ.ವಿ.ಜಿ., ಬಿಟ್‌ಡಿಫೆಂಡರ್ ಮುಂತಾದವುಗಳ ಕಥೆಯೂ ಇಷ್ಟೇ. ಒಂದೇ ಕಂಪನಿಯ ಪುಕ್ಕಟೆ ತಂತ್ರಾಂಶಕ್ಕೂ ಹಣದ ತಂತ್ರಾಂಶಕ್ಕೂ ವೈರಸ್ ಹಿಡಿಯುವ ಎಂಜಿನ್ ಒಂದೇ ಆಗಿರುತ್ತದೆ. ಅವಾಸ್ಟ್ ಕಂಪನಿ 2016ರಲ್ಲಿ ಎ.ವಿ.ಜಿ.ಯನ್ನು ಕೊಂಡುಕೊಂಡಿತು. ಎರಡಕ್ಕೂ ಎಂಜಿನ್ ಒಂದೇ ಆದ್ದರಿಂದ ಎ.ವಿ.-ಕಂಪ್ಯಾರೇಟಿವ್ಸ್ ವರದಿಗಳಲ್ಲಿ ಇವೆರಡರ ಅಂಕಗಳು ಅವಳಿ ಮಕ್ಕಳಂತೆ ಜೊತೆಜೊತೆಗೇ ಬರುತ್ತವೆ. ಪರೀಕ್ಷೆಗೆ ಕೂತದ್ದು ಪುಕ್ಕಟೆ ಆವೃತ್ತಿಗಳೇ.

ನಮ್ಮ ದೇಶದ ಕಂಪನಿಗಳೂ ಈ ಪರೀಕ್ಷೆಗಳಿಗೆ ಕೂರುತ್ತವೆ. ಚೆನ್ನೈನಲ್ಲಿ 1991ರಲ್ಲಿ ಕೇಶವರ್ಧನನ್ ಅವರು ಆರಂಭಿಸಿದ ಕೆ-7 ಇದೆ. ಪುಣೆಯಲ್ಲಿ ಕೈಲಾಸ್ ಕಾಟ್ಕರ್ ಮತ್ತು ಸಂಜಯ್ ಕಾಟ್ಕರ್ ಸೋದರರು ರಿಪೇರಿ ಅಂಗಡಿಯಿಂದ ಬೆಳೆಸಿದ ಕ್ವಿಕ್ ಹೀಲ್ ಇದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಡಬ್ಬದಲ್ಲಿ ಮಾರುವವು ಬಹಳಷ್ಟು ಇವೇ. ನಮ್ಮವರದು ಎಂಬ ಅಭಿಮಾನ ಇರಲಿ. ಆದರೆ ಕೊಳ್ಳುವ ಮೊದಲು ಅವುಗಳ ಅಂಕವನ್ನೂ ಬೇರೆಯವರ ಅಂಕ ನೋಡಿದಂತೆಯೇ ನೋಡಿ.

ಇಲ್ಲಿ ಗಡಿನಾಡಿನ ನಾವು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ಎ.ವಿ.-ಟೆಸ್ಟ್ ಹೇಳುವಂತೆ ದಿನಕ್ಕೆ 4,50,000ಕ್ಕೂ ಹೆಚ್ಚು ಹೊಸ ಕೇಡಿನ ತಂತ್ರಾಂಶಗಳು ದಾಖಲಾಗುತ್ತವೆ. ಇಷ್ಟೊಂದರ ಗುರುತನ್ನು ನಿಮ್ಮ ಕಂಪ್ಯೂಟರಿನೊಳಗೇ ತುಂಬಿಡಲಾಗದು. ಹಾಗಾಗಿ ಈಗಿನ ಆಂಟಿವೈರಸ್ಸುಗಳು ಅನುಮಾನ ಬಂದಾಗ ಇಂಟರ್‌ನೆಟ್ಟಿನ ಮೂಲಕ ತಮ್ಮ ಕಂಪನಿಯ ದೊಡ್ಡ ಕಂಪ್ಯೂಟರನ್ನು ಕೇಳಿ ತಿಳಿಯುತ್ತವೆ. ನೆಟ್ ಇದ್ದರೆ ಸರಿ. ಇಲ್ಲದಿದ್ದರೆ?

ಅಂಚೆಟ್ಟಿಯ ಕಾಡಂಚಿನ ಹಳ್ಳಿಯಲ್ಲಿ ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ಯಾರೋ ಪೆನ್‌ಡ್ರೈವ್ ತಂದು ಚುಚ್ಚಿದರು ಎನ್ನಿ. ಆಗ ಕಾವಲುಗಾರ ತನ್ನ ತಲೆಯಲ್ಲಿರುವುದನ್ನು ಮಾತ್ರ ನಂಬಿ ಕೆಲಸ ಮಾಡಬೇಕು. ಎ.ವಿ.-ಕಂಪ್ಯಾರೇಟಿವ್ಸ್ ವರ್ಷಕ್ಕೆರಡು ಸಲ ನಡೆಸುವ ಒಂದು ಪರೀಕ್ಷೆಯಲ್ಲಿ ನೆಟ್ ಇದ್ದಾಗ ಎಷ್ಟು, ನೆಟ್ ಇಲ್ಲದಾಗ ಎಷ್ಟು ಎಂದು ಬೇರೆ ಬೇರೆ ಕಾಲಂಗಳಲ್ಲಿ ಕೊಡುತ್ತಾರೆ. ಆ ಎರಡನೆಯ ಕಾಲಂನಲ್ಲಿ ಡಿಫೆಂಡರ್ ಹಲವು ವರ್ಷಗಳ ವರದಿಗಳಲ್ಲಿ ಹಿಂದೆ ಬಿದ್ದಿದೆ. ಹಣ ಕೊಟ್ಟು ಕೊಳ್ಳುವ ಟ್ರೆಂಡ್ ಮೈಕ್ರೊ ಕೂಡ ಹಿಂದೆ ಬಿದ್ದಿದೆ. ಪುಕ್ಕಟೆಯ ಅವಾಸ್ಟ್, ಎ.ವಿ.ಜಿ. ಅದೇ ಕಾಲಂನಲ್ಲಿ ಮುಂದೆ ಇದ್ದವು. ಎಂದರೆ ಇಲ್ಲಿಯೂ ಬೆಲೆಗೂ ಬಲಕ್ಕೂ ನೇರ ಸಂಬಂಧವಿಲ್ಲ. ಸದಾ ನೆಟ್ ಇರುವ ಹೊಸೂರಿನ ಮನೆಗೆ ಈ ಕಾಲಂ ಅಷ್ಟು ಮುಖ್ಯವಲ್ಲ. ನೆಟ್ ಬಂದು ಹೋಗುವ ಬೆಟ್ಟದ ಊರಿಗೆ, ಪೆನ್‌ಡ್ರೈವ್ ಮೇಲೆ ಪೆನ್‌ಡ್ರೈವ್ ಬರುವ ಜೆರಾಕ್ಸ್ ಅಂಗಡಿಗೆ ಇದೇ ಮುಖ್ಯ.

ಹಾಗಾದರೆ ಹಣ ಕೊಟ್ಟರೆ ಸಿಗುವುದೇನು? ಹೆಚ್ಚುವರಿ ಸೌಲಭ್ಯ. ಮಕ್ಕಳು ನೋಡಬಾರದ ತಾಣಗಳಿಗೆ ತಡೆ, ಪಾಸ್‌ವರ್ಡ್ ಜೋಪಾನ ಮಾಡುವ ಪೆಟ್ಟಿಗೆ, ಫೋನ್ ಮಾಡಿದರೆ ಉತ್ತರಿಸುವ ಜನ, ಇಂಥವು. ಬೇಕಾದವರು ಧಾರಾಳವಾಗಿ ಕೊಳ್ಳಬಹುದು. ಆದರೆ ‘ವೈರಸ್ ಹೆಚ್ಚು ಹಿಡಿಯುತ್ತದೆ’ ಎಂಬ ಒಂದೇ ಕಾರಣಕ್ಕೆ ಹಣ ಕೊಡುವುದನ್ನು ಈ ಅಂಕಪಟ್ಟಿಗಳು ಸಮರ್ಥಿಸುವುದಿಲ್ಲ. ಕೊಳ್ಳುವುದಾದರೆ ಮೊದಲ ವರ್ಷದ ರಿಯಾಯಿತಿ ದರ ಮಾತ್ರ ನೋಡದೆ, ಎರಡನೆಯ ವರ್ಷಕ್ಕೆ ಎಷ್ಟು ಎಂದು ಕೇಳಿ.

ಅಂಗಡಿ ಇಟ್ಟವರಿಗೆ ಇನ್ನೊಂದು ಎಚ್ಚರಿಕೆ. ಅವಾಸ್ಟ್, ಎ.ವಿ.ಜಿ.ಗಳ ಪುಕ್ಕಟೆ ಆವೃತ್ತಿ ಮನೆಬಳಕೆಗೆ ಮಾತ್ರ ಎಂದು ಅವುಗಳ ಕರಾರಿನಲ್ಲೇ ಇದೆ. ಇ-ಸೇವೈ ಕೇಂದ್ರ, ಜೆರಾಕ್ಸ್ ಅಂಗಡಿ, ಸಹಕಾರ ಸಂಘಗಳಿಗೆ ಅದು ಸಲ್ಲದು. ವಿಂಡೋಸಿನ ಜೊತೆಗೇ ಬರುವ ಡಿಫೆಂಡರಿಗೆ ಈ ತೊಡಕಿಲ್ಲ. ನೆಟ್ ಸರಿಯಾಗಿಲ್ಲದ ಕಡೆ ಅಂಗಡಿ ನಡೆಸುವವರು ನೆಟ್ ಇಲ್ಲದ ಕಾಲಂನಲ್ಲಿ ಒಳ್ಳೆಯ ಅಂಕ ಪಡೆದದ್ದನ್ನು ಹಣ ಕೊಟ್ಟು ಹಾಕಿಸಿದರೆ ಆ ಹಣ ವ್ಯರ್ಥವಾಗದು.

ತಮಿಳಿನಲ್ಲಿ ‘ಇಲವಸಂ’ ಎಂದರೂ ಕನ್ನಡದಲ್ಲಿ ‘ಪುಕ್ಕಟೆ’ ಎಂದರೂ ಕೆಲವೊಮ್ಮೆ ಅದರ ಬೆಲೆ ಬೇರೆ ದಾರಿಯಲ್ಲಿ ಕೊಡಬೇಕಾಗುತ್ತದೆ. ಅವಾಸ್ಟ್ ಕಂಪನಿಯದೇ ಉದಾಹರಣೆ ಹೇಳುವುದಾದರೆ, ಅದು ಬಳಕೆದಾರರು ಯಾವ ಯಾವ ತಾಣ ನೋಡಿದರೆಂಬ ವಿವರ ಸಂಗ್ರಹಿಸಿ, ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಪತ್ರಿಕೆಗಳು ಬಯಲು ಮಾಡಿದ ಮೇಲೆ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್ 1 ಕೋಟಿ 65 ಲಕ್ಷ ಡಾಲರ್ ಕೊಡಬೇಕೆಂದೂ, ಅಂಥ ವಿವರಗಳನ್ನು ಜಾಹೀರಾತಿಗಾಗಿ ಮಾರಬಾರದೆಂದೂ ಆದೇಶಿಸಿತು. ಅಂಕಪಟ್ಟಿಯಲ್ಲಿ ಒಳ್ಳೆಯ ಅಂಕ ಪಡೆಯುತ್ತಿದ್ದ ತಂತ್ರಾಂಶವೇ ಇದು. ಕಳ್ಳನನ್ನು ಹಿಡಿಯುವ ಕಾವಲುಗಾರ ಮನೆಯೊಳಗಿನ ಮಾತನ್ನು ಹೊರಗೆ ಹೇಳುತ್ತಾನೋ ಇಲ್ಲವೋ ಎಂಬುದನ್ನು 18 ಅಂಕಗಳ ಪರೀಕ್ಷೆ ಅಳೆಯುವುದಿಲ್ಲ. ಪುಕ್ಕಟೆಯದನ್ನು ಹಾಕಿಕೊಳ್ಳುವಾಗ ‘ವಿವರ ಹಂಚಿಕೊಳ್ಳಲು ಒಪ್ಪಿಗೆಯೇ’ ಎಂದು ಕೇಳುವ ಕಡೆ ‘ಇಲ್ಲ’ ಎಂದು ಒತ್ತುವುದನ್ನು ರೂಢಿಮಾಡಿಕೊಳ್ಳಿ.

ಇನ್ನೊಂದನ್ನೂ ಆ ಪರೀಕ್ಷೆ ಅಳೆಯುವುದಿಲ್ಲ. ಪರೀಕ್ಷಾಲಯದವರು ಬಳಸುವುದು ತೇಪೆಗಳನ್ನೆಲ್ಲ ಹಾಕಿ ಸರಿಪಡಿಸಿದ ವಿಂಡೋಸನ್ನು. ನಮ್ಮ ಮನೆಗಳಲ್ಲಿರುವುದು? ತಮಿಳುನಾಡು ಸರ್ಕಾರ 2011ರಲ್ಲಿ ವಿದ್ಯಾರ್ಥಿಗಳಿಗೆ ‘ವಿಲೈಯಿಲ್ಲಾ ಮಡಿಕ್ಕಣಿನಿ’ ಕೊಡಲು ಆರಂಭಿಸಿತು. ಆ ಕಾಲದ ಲ್ಯಾಪ್‌ಟಾಪುಗಳು ಇನ್ನೂ ಕೆಲವು ಮನೆಗಳಲ್ಲಿ ಓಡುತ್ತಿರಬಹುದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ತೇಪೆ ಕೊಡುವುದನ್ನು 2020ರ ಜನವರಿ 14ರಂದು ನಿಲ್ಲಿಸಿತು. ವಿಂಡೋಸ್ 8.1ಕ್ಕೆ 2023ರ ಜನವರಿಯಲ್ಲಿ ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಂತಿತು. ಮನೆಬಳಕೆಯವರು ಹೆಚ್ಚುವರಿ ಭದ್ರತೆಗೆ ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ ವರೆಗೆ, ತೇಪೆ ಸಿಗುತ್ತದೆ ಎಂದು ಕಂಪನಿ ಹೇಳಿತು.

ತೇಪೆ ನಿಂತ ಯಂತ್ರಕ್ಕೆ ಎಷ್ಟೇ ಬೆಲೆಯ ಆಂಟಿವೈರಸ್ ಹಾಕಿದರೂ ಗೋಡೆ ಬಿರುಕುಬಿಟ್ಟ ಮನೆಗೆ ಒಳ್ಳೆಯ ನಾಯಿ ಕಟ್ಟಿದಂತೆ. ತರಿಯೋಡು ಪಂಚಾಯತಿಯ ಮಾತು ನೆನಪಿದೆಯಲ್ಲ? ಅಲ್ಲಿ ಬೇಕಿದ್ದುದು ಎರಡು ತಿಂಗಳ ಹಿಂದೆಯೇ ಬಂದಿದ್ದ ಒಂದು ಪುಕ್ಕಟೆ ತೇಪೆ. ಹೊಸ ವಿಂಡೋಸ್ ಹಿಡಿಸದ ಹಳೆಯ ಯಂತ್ರವಾದರೆ ಲಿನಕ್ಸ್ ಹಾಕಿಸುವುದು ಒಂದು ದಾರಿ. ಅದೂ ಆಗದಿದ್ದರೆ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ.

ಇನ್ನು ಮೊಬೈಲ್ ಫೋನು. 2019ರಲ್ಲಿ ಎ.ವಿ.-ಕಂಪ್ಯಾರೇಟಿವ್ಸ್ ಆಂಡ್ರಾಯ್ಡ್ ಫೋನಿನ 250 ಆಂಟಿವೈರಸ್ ಆಪ್‌ಗಳನ್ನು 2,000 ಕೇಡಿನ ಆಪ್‌ಗಳ ಎದುರು ನಿಲ್ಲಿಸಿ ಪರೀಕ್ಷಿಸಿತು. ನೂರಕ್ಕೆ 30ಕ್ಕಿಂತ ಹೆಚ್ಚು ಹಿಡಿದು, ತಪ್ಪು ಹಿಡಿತವೂ ಇಲ್ಲದೆ ಉತ್ತೀರ್ಣವಾದವು 250ರಲ್ಲಿ 80 ಮಾತ್ರ. ಮತ್ತೊಮ್ಮೆ ಹೇಳುತ್ತೇನೆ, 250ರಲ್ಲಿ 80. ಉಳಿದವುಗಳಲ್ಲಿ ಹಲವು ಹೆಸರಿಗೆ ಮಾತ್ರ ಆಂಟಿವೈರಸ್. ಆದ್ದರಿಂದ ಫೋನಿಗೆ ಕಂಡ ಕಂಡ ಕಾವಲು ಹಾಕಿಕೊಳ್ಳುವ ಮೊದಲು ಅಂಕಪಟ್ಟಿಯಲ್ಲಿ ಅದರ ಹೆಸರು ಇದೆಯೇ ನೋಡಿ.

ಫೋನಿನಲ್ಲಿ ಮೋಸ ಬರುವ ದಾರಿಯೂ ಬೇರೆ. ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್, ಕಿಸಾನ್ ಯೋಜನೆಯ ಹಣ ಎಂಬ ಹೆಸರಿನಲ್ಲಿ ವಾಟ್ಸಾಪಿನಲ್ಲಿ ‘ಎ.ಪಿ.ಕೆ.’ ಎಂದು ಕೊನೆಗೊಳ್ಳುವ ಕಡತ ಬರುತ್ತದೆ. ಮುಟ್ಟಿದರೆ ಅದು ಫೋನಿನೊಳಗೆ ಕೂತು ಬ್ಯಾಂಕಿನಿಂದ ಬರುವ ಓ.ಟಿ.ಪಿ.ಗಳನ್ನು ಕಳ್ಳರಿಗೆ ಕಳಿಸುತ್ತದೆ. ನಿಜವಾದ ಕರೆಯೋಲೆ ಚಿತ್ರವಾಗಿಯೋ ಪಿ.ಡಿ.ಎಫ್. ಆಗಿಯೋ ಬರುತ್ತದೆ, ಆಪ್ ಆಗಿ ಬರುವುದಿಲ್ಲ. ಕಳಿಸಿದವರು ಸ್ವಂತ ಭಾವಮೈದುನನೇ ಆಗಿದ್ದರೂ ತೆರೆಯಬೇಡಿ, ಫೋನ್ ಮಾಡಿ ಕೇಳಿ. ಅವರ ಫೋನು ಮೊದಲೇ ಕಳ್ಳರ ಪಾಲಾಗಿರಬಹುದು. ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಯಂತ್ರ ಈಗಾಗಲೇ ಕೆಟ್ಟಿದೆ ಎಂಬ ಅನುಮಾನವಿದ್ದರೆ ನಮ್ಮ ಸರ್ಕಾರದ್ದೇ ಒಂದು ನೆರವಿದೆ. ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ಆರಂಭಿಸಿತು. ಸಿ.ಎಸ್.ಕೆ. ಡಾಟ್ ಜಿ.ಓ.ವಿ. ಡಾಟ್ ಇನ್ ಎಂಬ ತಾಣದಲ್ಲಿ, ಕೆಟ್ಟ ತಂತ್ರಾಂಶ ತೆಗೆಯುವ ಸಾಧನಗಳನ್ನು ಭಾರತದ ಆಂಟಿವೈರಸ್ ಕಂಪನಿಗಳ ಸಹಯೋಗದಿಂದ ಪುಕ್ಕಟೆ ಕೊಡುತ್ತಾರೆ.

ಇಷ್ಟು ಹೇಳಿದ ಮೇಲೆ ಸಾರಾಂಶ. ಹೊಸ ವಿಂಡೋಸ್, ಒಳ್ಳೆಯ ನೆಟ್ ಇರುವ ಮನೆಗೆ ಯಂತ್ರದ ಜೊತೆಗೆ ಬಂದ ಡಿಫೆಂಡರ್ ಸಾಕು, ಅದನ್ನು ಆರಿಸದಿದ್ದರಾಯಿತು. ನೆಟ್ ಇಲ್ಲದ ಕಡೆ ಆ ಎರಡನೆಯ ಕಾಲಂ ನೋಡಿ ಆರಿಸಿ: ಮನೆಗಾದರೆ ಪುಕ್ಕಟೆಯದು, ಅಂಗಡಿಗಾದರೆ ಹಣದ್ದು. ಒಂದು ಯಂತ್ರಕ್ಕೆ ಒಂದೇ ಆಂಟಿವೈರಸ್. ಎರಡು ಹಾಕಿದರೆ ಅವು ಒಂದನ್ನೊಂದು ಅನುಮಾನಿಸಿ ಯಂತ್ರವನ್ನು ಮಲಗಿಸುತ್ತವೆ. ವಿಂಡೋಸ್ ತೇಪೆ ಬಂದಾಗ ‘ಆಮೇಲೆ’ ಎಂದು ತಳ್ಳಬೇಡಿ. ಅಂಗಡಿಯವರು ಇನ್ನೊಂದನ್ನು ಕೊಳ್ಳಿ ಎಂದರೆ, ‘ಎ.ವಿ.-ಟೆಸ್ಟಿನಲ್ಲಿ ಇದಕ್ಕೆಷ್ಟು ಅಂಕ, ತಪ್ಪು ಹಿಡಿತ ಎಷ್ಟು?’ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಕೊನೆಯ ಮಾತು. ಯಾವ ಪರೀಕ್ಷೆಯಲ್ಲೂ ಯಾವ ತಂತ್ರಾಂಶವೂ ಎಲ್ಲ ಕಾಲಕ್ಕೂ ನೂರಕ್ಕೆ ನೂರು ಪಡೆದಿಲ್ಲ. ತಪ್ಪಿಸಿಕೊಂಡ ಆ ಒಂದು ನಿಮ್ಮ ಯಂತ್ರಕ್ಕೇ ಬರಬಹುದು. ಆದ್ದರಿಂದ ಮುಖ್ಯವಾದ ಕಡತಗಳ, ಮಕ್ಕಳ ಅಂಕಪಟ್ಟಿಗಳ, ಅಂಗಡಿಯ ಲೆಕ್ಕದ ಒಂದು ಪ್ರತಿಯನ್ನು ಬೇರೆ ಡ್ರೈವಿಗೆ ತುಂಬಿ, ಯಂತ್ರದಿಂದ ಬಿಚ್ಚಿ, ಬೀರುವಿನಲ್ಲಿಡಿ. ವಾರಕ್ಕೊಮ್ಮೆ ಹೊಸ ಪ್ರತಿ ಮಾಡಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಈ ವಾರವೇ ಆ ಕೆಲಸ ಮಾಡಿಬಿಡಿ.